ಗುಡ್ಡದ ಹೆಸರು ಕುಡಿಯುವವರು

ಬೆಂಗಳೂರಿನಲ್ಲಿರುವ ಗೆಳೆಯನೊಬ್ಬನ ಮನೆಯಲ್ಲಿ ಊಟದ ಮೇಜಿಗೆ ತಾಗಿ ಒಂದು ವೈನ್ ಫ್ರಿಜ್ಜು ನಿಂತಿದೆ. ಗಾಜಿನ ಬಾಗಿಲು, ಒಳಗೆ ನೀಲಿ ದೀಪ, ಮೇಲೆ 13 ಡಿಗ್ರಿ ಎಂದು ತೋರಿಸುವ ಅಂಕಿ. ಅದರೊಳಗೆ ಹನ್ನೆರಡು ಬಾಟಲಿ ಬರೋಲೋ, ಇಟಲಿಯ ವೈನು. ಎಲ್ಲವೂ 2016ರ ಕೊಯ್ಲಿನವು. ಹನ್ನೆರಡೂ ಬೇರೆ ಬೇರೆ ವೈನ್ ತಯಾರಕರ ಮನೆಯವು, ಬೇರೆ ಬೇರೆ ಗುಡ್ಡದವು. ವಿಮಾನ ನಿಲ್ದಾಣದ ಎರಡು ಲೀಟರಿನ ಮಿತಿಯಲ್ಲಿ ಸುಂಕವಿಲ್ಲದೆ ಒಂದು ಸಲಕ್ಕೆ ಎರಡೇ ಬಾಟಲಿ ತರಬಹುದು. ಹಾಗಾಗಿ ಇದು ಆರು ಪ್ರಯಾಣಗಳ ಸಂಪಾದನೆ. ಕಾನುಬಿ, ಬ್ರುನಾತೆ, ಬುಸ್ಸಿಯಾ, ರವೇರಾ, ವಿಲ್ಲೆರೋ ಎಂದು ಆ ಗುಡ್ಡಗಳ ಹೆಸರನ್ನು ಅವನು ಸಹಸ್ರನಾಮದ ಹಾಗೆ ಒಪ್ಪಿಸುತ್ತಾನೆ. ಯಾವುದಕ್ಕೆ ನೂರಕ್ಕೆ ಎಷ್ಟು ಅಂಕ ಬಿದ್ದಿದೆ ಎಂಬುದೂ ಬಾಯಿಪಾಠ. ಒಂದನ್ನು ತೋರಿಸಿ, "ಇದು ಹೇಗಿದೆಯೋ?" ಎಂದೆ. "ಇನ್ನೂ ತೆಗೆದಿಲ್ಲ ಮಾರಾಯ. 2036ಕ್ಕೆ ತೆಗೆಯೋದು" ಎಂದ. "ಮತ್ತೆ ಬೇರೆ ಯಾವ ಬರೋಲೋ ಕುಡಿದಿದ್ದೀಯ?" "ಒಂದೆರಡು ಸಲ, ಯಾರದೋ ಪಾರ್ಟಿಯಲ್ಲಿ."

ಅವನನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಪುಸ್ತಕಗಳು, ಅಂಗಡಿಯವರು, ಅಂಕ ಹಾಕುವ ಪಂಡಿತರು ಹೇಳಿಕೊಟ್ಟದ್ದನ್ನು ಅವನು ಚಾಚೂ ತಪ್ಪದೆ ಮಾಡಿದ್ದಾನೆ, ಅಷ್ಟೇ. ಅವರ ಉಪದೇಶ ಎಲ್ಲರಿಗೂ ಗೊತ್ತಿರುವಂಥದ್ದು: ಬರೋಲೋ ತಿಳಿಯಬೇಕೆ, ಗುಡ್ಡಗಳನ್ನು ತಿಳಿ. ಕೂಡಿಡಬೇಕೆ, ಒಳ್ಳೆಯ ವರ್ಷ ನೋಡು, ದೊಡ್ಡ ಗುಡ್ಡ ನೋಡು, ಹೆಚ್ಚು ಅಂಕ ನೋಡು, ಕೊಂಡು ಇಪ್ಪತ್ತು ವರ್ಷ ಬೀಗ ಹಾಕು. ಈ ಮಾತು ಈಗ ಎಷ್ಟು ಬೇರೂರಿದೆ ಎಂದರೆ ಅದನ್ನು ಪ್ರಶ್ನಿಸಿದವನು ವೈನ್ ಅರಿಯದ ಹಳ್ಳಿಗಮಾರ ಎನಿಸಿಕೊಳ್ಳುತ್ತಾನೆ. ಗಮಾರ ಎನಿಸಿಕೊಂಡರೂ ಚಿಂತೆಯಿಲ್ಲ. ಆ ಉಪದೇಶ ತಪ್ಪು. ಅದು ತಪ್ಪು ಎನ್ನಲು ಸಾಕ್ಷಿಯನ್ನು ನಾನು ಬರೋಲೋದ ಊರುಗಳಿಂದಲೇ ತರುತ್ತೇನೆ.

ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂತೆ ಸೀಮೆಯಲ್ಲಿ, ಆಲ್ಬಾ ಎಂಬ ಪಟ್ಟಣದ ಸುತ್ತ ಲಾಂಗೆ ಗುಡ್ಡಗಳಿವೆ. ಆಲ್ಬಾದ ನೈಋತ್ಯಕ್ಕೆ ಹನ್ನೊಂದು ಹಳ್ಳಿಗಳ ನೆಲದಲ್ಲಿ ಬೆಳೆದ ನೆಬ್ಬಿಯೋಲೋ ದ್ರಾಕ್ಷಿಯ ವೈನಿಗೆ ಮಾತ್ರ ಬರೋಲೋ ಎಂಬ ಹೆಸರು ಸಲ್ಲುತ್ತದೆ. ಪಟ್ಟಣದ ಪೂರ್ವಕ್ಕೆ, ತಾನರೋ ನದಿಯ ಮಗ್ಗುಲಲ್ಲಿ ಅದರ ತಂಗಿ ಬಾರ್ಬರೆಸ್ಕೋ. ಎರಡಕ್ಕೂ ಅದೇ ದ್ರಾಕ್ಷಿ, ಬೇರೆ ಯಾವುದನ್ನೂ ಬೆರೆಸುವಂತಿಲ್ಲ. ಬರೋಲೋ ಮಾರುಕಟ್ಟೆಗೆ ಬರುವ ಮುಂಚೆ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದಲ್ಲಿ. ಬಾರ್ಬರೆಸ್ಕೋಗೆ 26 ತಿಂಗಳು ಸಾಕು. ಕಾನೂನು ಇಷ್ಟೇ.

ಇನ್ನು ದ್ರಾಕ್ಷಿಯ ವಿಷಯ. ನೆಬ್ಬಿಯೋಲೋ ಎಂಬ ಹೆಸರು ಮಂಜು ಎಂಬರ್ಥದ ಇಟಾಲಿಯನ್ ಮಾತಿನಿಂದ ಬಂದದ್ದು ಎನ್ನುತ್ತಾರೆ. ಅದು ಹಣ್ಣಾಗುವುದೇ ಅಕ್ಟೋಬರಿನಲ್ಲಿ, ಲಾಂಗೆಯ ಕಣಿವೆಗಳಲ್ಲಿ ಮಂಜು ತುಂಬುವ ಹೊತ್ತಿಗೆ. ಲೋಟಕ್ಕೆ ಸುರಿದಾಗ ಹೊಸಬರಿಗೆ ಮೊದಲು ಮೋಸವಾದಂತೆ ಅನ್ನಿಸುತ್ತದೆ. ಇಷ್ಟು ದುಡ್ಡು ಕೊಟ್ಟು ತಂದ ವೈನು ಇಷ್ಟು ತೆಳು ಬಣ್ಣವೇ? ಲೋಟದ ಆಚೆಗಿನ ಬೆರಳು ಕಾಣುತ್ತದೆ, ಅಂಚಿನಲ್ಲಿ ಇಟ್ಟಿಗೆಯ ಛಾಯೆ. ಮೂಗಿಗೆ ಒಣಗಿದ ಗುಲಾಬಿ, ಜೊತೆಗೆ ಹೊಸದಾಗಿ ಟಾರು ಹಾಕಿದ ರಸ್ತೆಯ ವಾಸನೆ. ಇಷ್ಟು ನಾಜೂಕಿನ ಪ್ರಾಣಿ ಬಾಯಿಗೆ ಹೋದ ಮೇಲೆ ಕಚ್ಚುತ್ತದೆ. ಎಳೆ ಅಡಿಕೆ ಅಗಿದಂತೆ ವಸಡು ಬಿಗಿಯುತ್ತದೆ, ನೇರಳೆ ಹಣ್ಣು ತಿಂದಾಗಿನ ಹಾಗೆ ನಾಲಿಗೆ ದಪ್ಪವಾಗುತ್ತದೆ. ಇಂಗ್ಲಿಷಿನ ವೈನ್ ಪುಸ್ತಕಗಳು ಇದನ್ನು ವಿವರಿಸಲು ಟ್ಯಾನಿನ್ ಎಂಬ ರಸಾಯನದ ಮಾತನ್ನು ಹಿಡಿದು ಪುಟಗಟ್ಟಲೆ ಒದ್ದಾಡುತ್ತವೆ. ನಮಗೆ ಒದ್ದಾಟ ಬೇಡ, ಒಗರು ಎಂಬ ಮಾತಿದೆ. ಷಡ್ರಸಗಳಲ್ಲಿ ಅದಕ್ಕೊಂದು ಪೀಠವೂ ಇದೆ. ನೆಲ್ಲಿಕಾಯಿ ತಿಂದು ಬೆಳೆದ ನಾಲಿಗೆಗೆ ಈ ವೈನು ಅಷ್ಟೇನೂ ಪರಕೀಯವಲ್ಲ. ಅಲ್ಲಿಯವರು ಈ ಒಗರಿಗೆ ಮದ್ದಾಗಿ ಬೆಣ್ಣೆ ಸುರಿದ ಮೊಟ್ಟೆಯ ಶಾವಿಗೆಯನ್ನೋ, ಗಂಟೆಗಟ್ಟಲೆ ಬೇಯಿಸಿದ ಕೊಬ್ಬಿನ ಮಾಂಸವನ್ನೋ ಜೊತೆಗಿಡುತ್ತಾರೆ. ಜಿಡ್ಡು ಬಿದ್ದೊಡನೆ ಒಗರು ತಣ್ಣಗಾಗುತ್ತದೆ. (ನಮ್ಮ ಖಾರದ ಸಾರಿನ ಜೊತೆ ಇಟ್ಟು ನೋಡಿದ್ದೇನೆ. ಎರಡೂ ಜಗಳಕ್ಕೆ ನಿಂತವು. ಖಾರ ತಗ್ಗಿಸಿ, ಮೆಣಸು ಮುಂದುಮಾಡಿ ಮಾಡಿದ ಮಟನ್ ಚಾಪ್ಸ್ ಜೊತೆ ರಾಜಿಯಾದವು.)

ಈ ಗುಲಾಬಿ ಮತ್ತು ಈ ಒಗರಿನ ಹಗ್ಗಜಗ್ಗಾಟವೇ ಬರೋಲೋ. ಅದನ್ನು ತಿಳಿಯುವುದು ನಾಲಿಗೆಯಿಂದ, ಅದೂ ಹಲವು ಸಲ. ಆದರೆ ಉಪದೇಶ ಕೊಡುವವರು ನಮ್ಮ ಕೈಗೆ ಕೊಡುವುದು ನಕಾಶೆಯನ್ನು.

ನಕಾಶೆಯನ್ನೇ ನೋಡೋಣ. 2010ರಲ್ಲಿ ಬರೋಲೋದ ನೆಲವನ್ನು ಅಧಿಕೃತವಾಗಿ 181 ಹೆಸರುಗಳಾಗಿ ಗುರುತಿಸಿದರು: 170 ಗುಡ್ಡಮಗ್ಗುಲುಗಳು, ಹನ್ನೊಂದು ಹಳ್ಳಿಗಳು. ಬಾರ್ಬರೆಸ್ಕೋ ಈ ಕೆಲಸವನ್ನು ಅದಕ್ಕೂ ಮೂರು ವರ್ಷ ಮೊದಲೇ ಮುಗಿಸಿ 66 ಹೆಸರು ಪಟ್ಟಿ ಮಾಡಿತ್ತು. ಈ ಪಟ್ಟಿಯನ್ನು ಇಂದು ಎಲ್ಲರೂ ಮೇಲು ಕೀಳಿನ ಪಟ್ಟಿಯೆಂಬಂತೆ ಓದುತ್ತಾರೆ. ಅದು ಅಂಥದ್ದಲ್ಲ. ಫ್ರಾನ್ಸಿನ ಬರ್ಗಂಡಿಯಲ್ಲಿ ದ್ರಾಕ್ಷಿತೋಟಗಳಿಗೆ ದರ್ಜೆಯುಂಟು. ಬರೋಲೋ ಪಟ್ಟಿಯಲ್ಲಿ ಯಾವ ದರ್ಜೆಯೂ ಇಲ್ಲ. ಅದು ಸರ್ವೆ ನಂಬರಿನಂತೆ: ಇಲ್ಲಿಂದ ಇಲ್ಲಿಯವರೆಗೆ ಈ ಹೆಸರು ಎನ್ನುತ್ತದೆ, ಇಲ್ಲಿ ಚಿನ್ನ ಬೆಳೆಯುತ್ತದೆ ಎನ್ನುವುದಿಲ್ಲ. ಆ ಗೆರೆಗಳಾದರೂ ಮಣ್ಣು ನೋಡಿ ಎಳೆದವೇ? ಮೊನ್ಫೋರ್ತೆ ಹಳ್ಳಿಯ ಬುಸ್ಸಿಯಾ ಎಂಬ ಹೆಸರಿನಡಿ ಸುಮಾರು 300 ಹೆಕ್ಟೇರ್ ನೆಲವಿದೆ. ಅದರೊಳಗೆ ಏರೂ ಉಂಟು ತಗ್ಗೂ ಉಂಟು, ಬಿಸಿಲಿಗೆ ಮುಖ ಮಾಡಿದ್ದೂ ಉಂಟು ಬೆನ್ನು ಮಾಡಿದ್ದೂ ಉಂಟು. ಬುಸ್ಸಿಯಾ ಎಂದು ಲೇಬಲ್ಲಿನ ಮೇಲಿದ್ದರೆ ಇಂಥದೇ ರುಚಿ ಎನ್ನುವುದು, ಜಯನಗರದವರೆಲ್ಲ ಒಂದೇ ಸ್ವಭಾವದವರು ಎಂದಂತೆ.

ಕಾನುಬಿಯ ಕತೆ ಇನ್ನೂ ಸೊಗಸು. ಬರೋಲೋ ಹಳ್ಳಿಯ ಅಂಚಿನ ಈ ಉದ್ದನೆಯ ದಿಬ್ಬ ಎಲ್ಲಕ್ಕಿಂತ ಹೆಸರುವಾಸಿ. ಹೆಸರೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಕಾನುಬಿ 1752 ಎಂದು ಬರೆದ ಬಾಟಲಿಯೊಂದು ಇಂದಿಗೂ ಉಳಿದಿದೆ, ಬರೋಲೋ ಎಂಬ ಹೆಸರು ವೈನಿಗೆ ಅಂಟುವುದಕ್ಕೂ ಮುಂಚಿನದು ಅದು. ಆದರೆ ಆ ದಿಬ್ಬದ ನಡುಭಾಗ, ಸುಮಾರು 15 ಹೆಕ್ಟೇರ್ ಮಾತ್ರ, ಬರೀ ಕಾನುಬಿ. ಅಕ್ಕಪಕ್ಕದ್ದಕ್ಕೆ ಬೋಸ್ಕಿಸ್, ಮುಸ್ಕಾತೆಲ್, ಸಾನ್ ಲೊರೆಂತ್ಸೋ, ವಲ್ಲೆತ್ತಾ ಎಂಬ ಬಾಲಗಳಿದ್ದವು. ಬಾಲವಿದ್ದವರೂ ಬರೀ ಕಾನುಬಿ ಎಂದು ಬರೆದುಕೊಳ್ಳಬಹುದೇ ಎಂಬುದು ವ್ಯಾಜ್ಯವಾಯಿತು. ಕೆಳಗಿನ ನ್ಯಾಯಪೀಠ ಬೇಡವೆಂದಿತು, ರೋಮಿನ ಮೇಲಿನ ಪೀಠ 2013ರಲ್ಲಿ ಆಗಲಿ ಎಂದಿತು. ಒಂದು ತೀರ್ಪಿನಿಂದ 15 ಹೆಕ್ಟೇರ್ ಕಾನುಬಿ ಸುಮಾರು 34 ಹೆಕ್ಟೇರ್ ಆಯಿತು. ಮಣ್ಣು ಒಂದಿಂಚೂ ಕದಲಿಲ್ಲ. ನನ್ನ ಗೆಳೆಯ ಯಾವ ಕಾನುಬಿಗೆ ದುಡ್ಡು ಕೊಟ್ಟನೋ ಅವನಿಗೆ ತಿಳಿಯದು.

"ಇದು ಶತಮಾನಗಳ ಪರಂಪರೆ" ಎಂಬ ಮಾತನ್ನು ಅಂಗಡಿಯವರ ಬಾಯಲ್ಲಿ ಕೇಳುತ್ತಿರುತ್ತೇವೆ. ಯಾವ ಪರಂಪರೆ? ಅಮೆರಿಕದ ಅಧ್ಯಕ್ಷನಾಗುವುದಕ್ಕೆ ಮುಂಚೆ ಥಾಮಸ್ ಜೆಫರ್ಸನ್ 1787ರಲ್ಲಿ ಟುರಿನ್‌ಗೆ ಬಂದಿದ್ದಾಗ ಕುಡಿದ ನೆಬ್ಬಿಯೋಲೋ ಸಿಹಿಯೂ ಒಗರೂ ಚುರುಕು ನೊರೆಯೂ ಸೇರಿದ ವಿಚಿತ್ರ ಪಾನೀಯವಾಗಿತ್ತೆಂದು ಅವನೇ ಬರೆದಿಟ್ಟಿದ್ದಾನೆ. ಇಂದಿನ ಒಣ, ಗಂಭೀರ ಬರೋಲೋ ಹತ್ತೊಂಬತ್ತನೆಯ ಶತಮಾನದ ಕೂಸು. ಒಂದೊಂದು ಗುಡ್ಡದ್ದನ್ನು ಬೇರೆ ಬೇರೆಯಾಗಿ ಬಾಟಲಿ ಮಾಡುವ ರೂಢಿಯಂತೂ ನಮ್ಮ ಅಪ್ಪಂದಿರ ಕಾಲದ್ದು. 1961ರ ಕೊಯ್ಲಿನಲ್ಲಿ ಪ್ರುನೊತ್ತೋ ಸಂಸ್ಥೆಯ ಬೆಪ್ಪೆ ಕೊಲ್ಲಾ ಬುಸ್ಸಿಯಾವನ್ನು, ವಿಯೆತ್ತಿ ಮನೆಯವರು ರೊಕ್ಕೆಯನ್ನು ಬೇರೆಯಾಗಿಸಿದರು. ಲುಯಿಜಿ ವೆರೊನೆಲ್ಲಿಯಂಥ ಬರಹಗಾರರು ಬೆನ್ನು ತಟ್ಟಿದರು, 1970ರ ದಶಕದಲ್ಲಿ ರೆನಾತೋ ರಾತ್ತಿ ಎಂಬ ವೈನ್ ತಯಾರಕ ಗುಡ್ಡಗಳ ನಕಾಶೆ ಬರೆದ. ಅದಕ್ಕೂ ಮುಂಚೆ? ಬಡ ರೈತರು ದ್ರಾಕ್ಷಿಯನ್ನು ವ್ಯಾಪಾರಿಗಳಿಗೆ ಮಾರುತ್ತಿದ್ದರು, ವ್ಯಾಪಾರಿಗಳು ಹಲವು ಗುಡ್ಡಗಳದ್ದನ್ನು ಕೂಡಿಸಿ ವೈನು ಮಾಡುತ್ತಿದ್ದರು. ಲಾ ಮೊರ್ರಾ ಹಳ್ಳಿಯದ್ದು ಪರಿಮಳಕ್ಕೆ, ಸೆರಲುಂಗಾ ಹಳ್ಳಿಯದ್ದು ಎಲುಬಿಗೆ.

ಬಡವರು ಎಂದರೆ ಎಂಥ ಬಡವರು! ಆಲ್ಬಾದವನೇ ಆದ ಕಾದಂಬರಿಕಾರ ಬೆಪ್ಪೆ ಫೆನೋಲ್ಯೋ 1954ರಲ್ಲಿ ಪ್ರಕಟಿಸಿದ 'ಲಾ ಮಲೋರಾ' ಈ ಗುಡ್ಡಗಳ ಗೇಣಿ ಬದುಕಿನ ಕತೆ. ಅಲ್ಲಿ ಹೊಟ್ಟೆಗೆ ಹಿಟ್ಟಿಲ್ಲ, ಗುಡ್ಡದ ಹೆಸರಿಗೆ ಮಲ್ಲಿಗೆ ಹೂ ಮುಡಿಸುವವರು ಯಾರು? ಅದೇ ಆಲ್ಬಾದಲ್ಲಿ 1946ರಲ್ಲಿ ಶುರುವಾದ ಫೆರೇರೋ ಕಾರ್ಖಾನೆ, ಮುಂದೆ ನುಟೆಲ್ಲಾ ಮಾಡಿದ್ದು, ಹಳ್ಳಿಯ ಹುಡುಗರನ್ನು ತೋಟದಿಂದ ಸೆಳೆದುಕೊಂಡಿತು. ಬರೋಲೋಗೆ ಇಂದಿನ ಬೆಲೆ ಬಂದದ್ದು ತೀರ ಈಚೆಗೆ. ಬೆಲೆ ಬಂದ ಮೇಲೆ ಹೆಸರು ಬೇಕಾಯಿತು. ಹೆಸರು ಬಂದ ಮೇಲೆ ಬೆಲೆ ಇನ್ನೂ ಏರಿತು. ಇದರಲ್ಲಿ ಮೋಸವೇನೂ ಇಲ್ಲ; ಎರಡು ತಲೆಮಾರು ಹಸಿದವರು ಈಗ ಉಣ್ಣುತ್ತಿದ್ದಾರೆ, ಉಣ್ಣಲಿ. ಆದರೆ ವ್ಯಾಪಾರದ ಈ ಜಾಣತನವನ್ನು ಶಾಸ್ತ್ರವೆಂದು ಒಪ್ಪಿಕೊಳ್ಳಬೇಕಿಲ್ಲ.

ಬೆರಕೆ ಎಂದ ಕೂಡಲೇ ಮೂಗು ಮುರಿಯುವವರನ್ನು ಕಂಡರೆ ನನಗೆ ಕಾಫಿ ಪುಡಿಯ ಅಂಗಡಿ ನೆನಪಾಗುತ್ತದೆ. ಅರ್ಧ ಪೀಬೆರಿ, ಅರ್ಧ ಪ್ಲಾಂಟೇಷನ್ ಎ, ಸ್ವಲ್ಪ ಚಿಕೋರಿ ಎಂದು ಅಜ್ಜನ ಕಾಲದಿಂದ ಒಂದೇ ಲೆಕ್ಕ ಹೇಳುವ ಮನೆಗಳಿವೆ. ಆ ಲೆಕ್ಕವೇ ಆ ಮನೆಯ ರುಚಿ. ಒಂದೇ ತೋಟದ ಬೀಜ ಶ್ರೇಷ್ಠ, ಬೆರೆಸಿದ್ದು ಕನಿಷ್ಠ ಎಂದು ಆ ಅಜ್ಜಿಯರ ಮುಂದೆ ಹೇಳಿ ನೋಡಿ.

ಬರೋಲೋ ಹಳ್ಳಿಯಲ್ಲೂ ಅಂಥ ಹಿರಿಯರಿದ್ದರು. 2005ರಲ್ಲಿ ತೀರಿಕೊಂಡ ಬಾರ್ತೋಲೋ ಮಸ್ಕರೆಲ್ಲೋ ಕೊನೆಯವರೆಗೂ ಮಾಡಿದ್ದು ಒಂದೇ ಬರೋಲೋ. ಅವರಿಗೆ ಕಾನುಬಿಯಲ್ಲಿ ನೆಲವಿತ್ತು. ಸಾನ್ ಲೊರೆಂತ್ಸೋ, ರುವೆ, ಲಾ ಮೊರ್ರಾ ಹಳ್ಳಿಯ ರೊಕ್ಕೆಯಲ್ಲೂ ಇತ್ತು. ಕಾನುಬಿ ಎಂದು ಬೇರೆ ಬಾಟಲಿ ಮಾಡಿದ್ದರೆ ದುಡ್ಡು ಸುರಿಯುತ್ತಿತ್ತು. ಮಾಡಲಿಲ್ಲ. ನಾಲ್ಕನ್ನೂ ಕೂಡಿಸಿದರು, ಈಗ ಮಗಳು ಮರಿಯಾ ತೆರೇಸಾ ಅದನ್ನೇ ಮುಂದುವರಿಸಿದ್ದಾರೆ. ಗಾಲಿಕುರ್ಚಿಯಲ್ಲಿ ಕೂತು ಲೇಬಲ್ಲಿಗೆ ತಾವೇ ಬಣ್ಣ ಹಚ್ಚುತ್ತಿದ್ದ ಆ ಮುದುಕರ ಬಾಟಲಿಗೆ ಜಗತ್ತಿನ ಸಂಗ್ರಹಕಾರರು ಇಂದು ಮುಗಿಬೀಳುತ್ತಾರೆ. ಒಂದು ಕಡೆ ಗುಡ್ಡದ ಹೆಸರೇ ಸರ್ವಸ್ವ ಎನ್ನುತ್ತಲೇ!

ಅದೇ ಹಳ್ಳಿಯ ಬೆಪ್ಪೆ ರಿನಾಲ್ದಿಯವರದು ಇನ್ನೊಂದು ಬಗೆಯ ಕತೆ. ಅವರು ಎರಡೆರಡು ಗುಡ್ಡಗಳನ್ನು ಕೂಡಿಸಿ, ಎರಡರ ಹೆಸರನ್ನೂ ಬಾಟಲಿಯ ಮೇಲೆ ಪ್ರಾಮಾಣಿಕವಾಗಿ ಬರೆಯುತ್ತಿದ್ದರು: ಬ್ರುನಾತೆ-ಲೆ ಕೊಸ್ತೆ, ಕಾನುಬಿ ಸಾನ್ ಲೊರೆಂತ್ಸೋ-ರವೇರಾ. 2010ರ ಹೊಸ ನಿಯಮ ಒಂದು ಬಾಟಲಿಗೆ ಒಂದೇ ಹೆಸರು ಎಂದಿತು. ಬ್ರುನಾತೆ ಹೇಗೋ ಉಳಿಯಿತು, ನೂರಕ್ಕೆ ಹದಿನೈದು ಪಾಲು ಬೇರೆಯದು ಸೇರಿಸಲು ಅವಕಾಶವಿತ್ತು. ಇನ್ನೊಂದಕ್ಕೆ 'ತ್ರೆ ತೀನೆ', ಮೂರು ತೊಟ್ಟಿ ಎಂದು ಹೆಸರಿಟ್ಟರು. ಒಳಗಿನದನ್ನು ಹೆಚ್ಚು ವಿವರವಾಗಿ ಹೇಳುತ್ತಿದ್ದ ಲೇಬಲ್ಲು, ಗುಡ್ಡದ ಹೆಸರನ್ನು ಕಾಪಾಡಲು ಬಂದ ಕಾನೂನಿನಿಂದಾಗಿ ಕಡಿಮೆ ಹೇಳತೊಡಗಿತು.

ಮತ್ತೆ ಬರೋಲೋಗಳಲ್ಲೇ ಶಿಖರವೆಂದು ಬಹುಮಂದಿ ಒಪ್ಪುವ ಬಾಟಲಿ ಯಾವುದು? ಜಾಕೊಮೋ ಕೊಂತೆರ್ನೋ ಮನೆಯ ಮೊನ್ಫೊರ್ತೀನೋ. ಆ 181ರಲ್ಲಿ ಹುಡುಕಿ, ಮೊನ್ಫೊರ್ತೀನೋ ಎಂಬ ಗುಡ್ಡವೇ ಇಲ್ಲ. ಅದು ಒಂದು ಮನೆ ತನ್ನ ಅತ್ಯುತ್ತಮ ವೈನಿಗೆ ಇಟ್ಟುಕೊಂಡ ಹೆಸರು. 1974ರಲ್ಲಿ ಸೆರಲುಂಗಾದಲ್ಲಿ ಕಶ್ಶೀನಾ ಫ್ರಾಂಚಾ ಎಂಬ ಸ್ವಂತ ತೋಟ ಕೊಳ್ಳುವವರೆಗೂ ಅವರು ಅದನ್ನು ಬೇರೆಯವರಿಂದ ಕೊಂಡ ದ್ರಾಕ್ಷಿಯಿಂದ ಮಾಡುತ್ತಿದ್ದರು. ಬಾರ್ಬರೆಸ್ಕೋದ ಆಂಜೆಲೋ ಗಾಯಾ ಕತೆಯೂ ಇದನ್ನೇ ಹೇಳುತ್ತದೆ. ತನ್ನ ಮೂರು ಪ್ರಸಿದ್ಧ ತೋಟಗಳ ವೈನನ್ನು 1996ರ ಕೊಯ್ಲಿನಿಂದ ಬಾರ್ಬರೆಸ್ಕೋ ಎನ್ನುವುದನ್ನೇ ಬಿಟ್ಟು, ಲಾಂಗೆ ಎಂಬ ಸಾಮಾನ್ಯ ದರ್ಜೆಗೆ ತಾನಾಗಿ ಇಳಿಸಿದ. ಸ್ವಲ್ಪ ಬಾರ್ಬೆರಾ ದ್ರಾಕ್ಷಿ ಬೆರೆಸುವ ಸ್ವಾತಂತ್ರ್ಯಕ್ಕಾಗಿ. 2013ರ ಕೊಯ್ಲಿನಲ್ಲಿ ಮತ್ತೆ ಹಳೆಯ ಹೆಸರಿಗೆ ಮರಳಿದ್ದು. ನಡುವಿನ ಅಷ್ಟೂ ವರ್ಷ ಕೊಳ್ಳುವವರು ಕೈಬಿಟ್ಟರೇ? ಇಲ್ಲ. ಅವರು ಹಿಂಬಾಲಿಸುತ್ತಿದ್ದದ್ದು ಮನೆಯನ್ನು.

(ಇಲ್ಲಿ ಸಣ್ಣ ಹೊಸ ಪೀಪಾಯಿ ಮತ್ತು ದೊಡ್ಡ ಹಳೆಯ ಪೀಪಾಯಿಯ ಯುದ್ಧದ ಬಗ್ಗೆ ಒಂದು ಅಧ್ಯಾಯ ಬರೆಯುವುದು ವಾಡಿಕೆ. 1980ರ ದಶಕದಲ್ಲಿ ಎಲಿಯೋ ಆಲ್ತಾರೆ ಎಂಬ ವೈನ್ ತಯಾರಕ ಅಪ್ಪನ ದೊಡ್ಡ ಪೀಪಾಯಿಗಳನ್ನು ಗರಗಸದಿಂದ ಕೊಯ್ದದ್ದು, ಅಪ್ಪ ಅವನನ್ನು ಆಸ್ತಿಯಿಂದ ಹೊರಹಾಕಿದ್ದು ಒಳ್ಳೆಯ ಸಿನಿಮಾ ಸರಕು. ಸಿನಿಮಾ ಆಗಿಯೂ ಇದೆ. ಆ ಯುದ್ಧ ತಣ್ಣಗಾಗಿ ಬಹಳ ಕಾಲವಾಯಿತು. ಈಗ ಎರಡೂ ಕಡೆಯವರ ನೆಲಮಾಳಿಗೆಯಲ್ಲಿ ಎರಡೂ ಬಗೆಯ ಮರ ಸಿಗುತ್ತದೆ.)

ಅಂಕಗಳ ಮಾತಿಗೆ ಬರುತ್ತೇನೆ. 2000ದ ಕೊಯ್ಲಿಗೆ, ಒಂದು ಬಾಟಲಿಗಲ್ಲ, ಇಡೀ ಸೀಮೆಯ ಇಡೀ ವರ್ಷಕ್ಕೆ, ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ ನೂರಕ್ಕೆ ನೂರು ಕೊಟ್ಟಿತು. ಅದು ಬಿಸಿ ವರ್ಷ. ವೈನು ಎಳವೆಯಲ್ಲೇ ಮೃದು, ದುಂಡಗೆ, ಬಾಯಿಗೆ ಹಿತ. ಜನ ಪೆಟ್ಟಿಗೆಗಟ್ಟಲೆ ಕೊಂಡರು. ಅದರ ಮಾರನೆಯ ವರ್ಷದ, ಅಷ್ಟು ಗದ್ದಲವಿಲ್ಲದೆ ಬಂದ 2001ರ ವೈನೇ ಮೇಲು ಎಂಬುದು ಈಗ ನೆಬ್ಬಿಯೋಲೋ ಬಲ್ಲವರಲ್ಲಿ ಹೆಚ್ಚಿನವರ ಮಾತು. 2002ರಲ್ಲಿ ಮಳೆ, ಆಲಿಕಲ್ಲು. ಹಲವರು ಬರೋಲೋ ಮಾಡಲೇ ಇಲ್ಲ. ಆ ಕೆಟ್ಟ ವರ್ಷದಲ್ಲಿ ಕೊಂತೆರ್ನೋ ಮನೆಯವರು ಮೊನ್ಫೊರ್ತೀನೋ ಮಾಡಿದರು. ಹುಚ್ಚು ಎಂದವರೇ ಮುಂದೆ ಅದನ್ನು ಹೊಗಳಿದರು. ಮತ್ತೆ 2014, ಇನ್ನೊಂದು ಮಳೆಯ ವರ್ಷ. ಬರೋಲೋ ನರಳಿದಾಗ ಬಾರ್ಬರೆಸ್ಕೋ ಎಷ್ಟೋ ಪಾಲು ಪಾರಾಯಿತು. ವರ್ಷಕ್ಕೊಂದು ಅಂಕ ಬರೆದು ಜೇಬಿನಲ್ಲಿಟ್ಟುಕೊಳ್ಳುವ ಚೀಟಿಯಲ್ಲಿ ಇವು ಯಾವುವೂ ಹಿಡಿಯುವುದಿಲ್ಲ. 2016 ದೊಡ್ಡ ವರ್ಷವೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ದೊಡ್ಡ ವರ್ಷದಲ್ಲಿ ಸಾಧಾರಣ ಕೈಯೂ ಪಾಸಾಗುತ್ತದೆ. ಒಂದು ಮನೆಯ ಗುಣ ತಿಳಿಯಬೇಕೆಂದರೆ ಅವರ ಮಳೆಯ ವರ್ಷದ ಬಾಟಲಿ ಕುಡಿಯಬೇಕು. ಅದು ಅಗ್ಗಕ್ಕೂ ಸಿಗುತ್ತದೆ.

ಎದುರಾಳಿಯ ಕೈಯಲ್ಲಿ ಒಂದು ಬಲವಾದ ವಾದವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗುಡ್ಡಗಳ ನಡುವೆ ವ್ಯತ್ಯಾಸ ಇದೆ. ಸೆರಲುಂಗಾದ ಬಿಗಿ, ಲಾ ಮೊರ್ರಾದ ಪರಿಮಳ ಬರೀ ಕಲ್ಪನೆಯಲ್ಲ. ಇದನ್ನು ಸಾಬೀತು ಮಾಡುವ ಮನೆಯೊಂದು ಬಾರ್ಬರೆಸ್ಕೋ ಹಳ್ಳಿಯಲ್ಲೇ ಇದೆ, ಮತ್ತು ಅದು ಯಾವ ಜಮೀನ್ದಾರನದೂ ಅಲ್ಲ, ರೈತರ ಸಹಕಾರ ಸಂಘ: ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೋ. 1894ರಲ್ಲಿ ದೊಮಿತ್ಸಿಯೋ ಕವಾತ್ಸಾ ಎಂಬ ಮೇಷ್ಟರು, ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥರು, ಮೊದಲ ಸಂಘ ಕಟ್ಟಿದರು. ಫ್ಯಾಸಿಸ್ಟರ ಕಾಲದಲ್ಲಿ ಅದು ಮುಚ್ಚಿತು. 1958ರಲ್ಲಿ ಊರಿನ ಪಾದ್ರಿ ದೋನ್ ಫಿಯೊರಿನೋ ಮರೆಂಗೋ ಹತ್ತೊಂಬತ್ತು ರೈತರನ್ನು ಕೂಡಿಸಿ ಮತ್ತೆ ಶುರುಮಾಡಿಸಿದರು. ಮೊದಲ ಮೂರು ಕೊಯ್ಲಿನ ವೈನು ಆದದ್ದು ಚರ್ಚಿನ ನೆಲಮನೆಯಲ್ಲಿ. ನಮ್ಮ ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ದುಡ್ಡು ಕೊಡುವ ಹಾಗೆ ಅಲ್ಲಿ ದ್ರಾಕ್ಷಿಯ ಗುಣ ನೋಡಿ ಸದಸ್ಯರಿಗೆ ಹಣ.

ಒಳ್ಳೆಯ ವರ್ಷಗಳಲ್ಲಿ ಈ ಸಂಘ ಒಂಬತ್ತು ಗುಡ್ಡಗಳ ವೈನನ್ನು ಬೇರೆ ಬೇರೆ ಬಾಟಲಿ ಮಾಡುತ್ತದೆ. ಆಸಿಲಿ, ರಬಯಾ, ಪೋರಾ, ಒವೆಲ್ಲೋ, ಮೊಂತೆಸ್ತೆಫನೋ ಹೀಗೆ. ದ್ರಾಕ್ಷಿ ಒಂದೇ, ವರ್ಷ ಒಂದೇ, ಮಾಡುವ ಕೈ ಒಂದೇ, ಮಾಗಿಸುವ ಮರ ಒಂದೇ ಬಗೆಯದು. ಬದಲಾಗುವುದು ನೆಲ ಮಾತ್ರ. ಎರಡನ್ನು ಪಕ್ಕಪಕ್ಕ ಸುರಿದು ನೋಡಿ: ಆಸಿಲಿ ರೇಷ್ಮೆಯ ಹಾಗೆ ಜಾರುತ್ತದೆ, ಮೊಂತೆಸ್ತೆಫನೋ ಮುಷ್ಟಿ ಬಿಗಿದು ನಿಲ್ಲುತ್ತದೆ. ನೆಲ ಮಾತಾಡುತ್ತದೆ, ಒಪ್ಪಿದೆ. ಆದರೆ ಅದರ ಮಾತು ಕೇಳಿಸಿದ್ದು ಉಳಿದವರೆಲ್ಲ ಸುಮ್ಮನಿದ್ದರಿಂದ. ಗೆಳೆಯನ ಫ್ರಿಜ್ಜಿನಲ್ಲಿ ಹನ್ನೆರಡು ಗುಡ್ಡಗಳ ಜೊತೆ ಹನ್ನೆರಡು ಕೈಗಳೂ ಇವೆ. ಒಬ್ಬ ಹತ್ತು ದಿನ ಸಿಪ್ಪೆ ನೆನೆಸಿದ್ದಾನೆ, ಇನ್ನೊಬ್ಬ ನಲವತ್ತು ದಿನ. ಒಬ್ಬನದು ಹೊಸ ಮರ, ಇನ್ನೊಬ್ಬನದು ಅಜ್ಜನ ಮರ. 2036ರಲ್ಲಿ ಅವುಗಳನ್ನು ಸಾಲಾಗಿ ತೆಗೆದರೂ ಬಾಯಿಗೆ ಬಂದ ವ್ಯತ್ಯಾಸ ಮಣ್ಣಿನದೋ ಮನುಷ್ಯನದೋ ಎಂದು ಅವನಿಗೆ ಹೇಳಲಾಗದು. ಗುಡ್ಡ ತಿಳಿಯಬೇಕೆಂದು ಹೊರಟವನು ಗುಡ್ಡವನ್ನು ತಿಳಿಯಲು ಅಸಾಧ್ಯವಾದ ರೀತಿಯಲ್ಲೇ ಕೂಡಿಟ್ಟಿದ್ದಾನೆ.

ಇನ್ನೂ ಒಂದು ಮಾತು. ಅದೇ ಸಂಘ, ವರ್ಷ ಅಷ್ಟು ಚೆನ್ನಾಗಿಲ್ಲ ಎನ್ನಿಸಿದರೆ ಆ ಒಂಬತ್ತನ್ನು ಬಾಟಲಿ ಮಾಡುವುದೇ ಇಲ್ಲ. ಆಸಿಲಿ, ರಬಯಾ ಎಲ್ಲವೂ ಹೆಸರಿಲ್ಲದ ಸಾದಾ ಬಾರ್ಬರೆಸ್ಕೋ ಒಳಗೆ ಸೇರುತ್ತವೆ. ಹೆಸರು ಹುಡುಕುವವನು ಆ ವರ್ಷ ಅಂಗಡಿಯಿಂದ ಬರಿಗೈಯಲ್ಲಿ ಹೋಗುತ್ತಾನೆ. ಬಲ್ಲವನು ಆರು ಬಾಟಲಿ ಹೊತ್ತುಕೊಂಡು ಹೋಗುತ್ತಾನೆ.

ಇಪ್ಪತ್ತು ವರ್ಷದ ಬೀಗಕ್ಕೂ ಒಂದು ಉತ್ತರ ಕೊಟ್ಟುಬಿಡುತ್ತೇನೆ. ಬರೋಲೋ ಬಾಳುತ್ತದೆ, ನಿಜ. ಮಾಗಿದ ಒಂದು ಬಾಟಲಿಯಲ್ಲಿ ಗುಲಾಬಿ ಒಣಗಿ, ಒಗರು ಕರಗಿ, ಮಳೆ ಬಿದ್ದ ಕಾಡಿನ ನೆಲದ ವಾಸನೆ ಏಳುವುದನ್ನು ಕಂಡವನು ಮರೆಯುವುದಿಲ್ಲ. ಆದರೆ ಕಾಯುವುದು ಪುಣ್ಯವಲ್ಲ. ಬಿಸಿಲು ಹೆಚ್ಚಿದ ವರ್ಷಗಳು, ಹದವಾಗಿ ಹಣ್ಣಾದ ದ್ರಾಕ್ಷಿ, ಕೈ ಪಳಗಿದ ಹೊಸ ತಲೆಮಾರು, ಇವುಗಳಿಂದಾಗಿ ಇಂದಿನ ಎಷ್ಟೋ ಬರೋಲೋಗಳು ಎಂಟು ಹತ್ತು ವರ್ಷಕ್ಕೇ ಮಾತಿಗೆ ಕೂರುತ್ತವೆ. ಕಾಯುವವನಾದರೂ ಕಾಯಲು ತಂಪು ನೆಲಮಾಳಿಗೆ ಇರುವ ಕಡೆ ಕಾಯಬೇಕು. ಲಾಂಗೆಯ ಮನೆಗಳ ಅಡಿಯಲ್ಲಿ ಅದು ಪುಕ್ಕಟೆ. ಏಪ್ರಿಲಿನ ಬೆಂಗಳೂರಿನಲ್ಲಿ, ಮಂಗಳೂರಿನ ಸೆಕೆಯಲ್ಲಿ, ಕರೆಂಟು ಹೋಗಿ ಇನ್ವರ್ಟರು ಫ್ರಿಜ್ಜನ್ನು ಎಳೆಯದ ಮಧ್ಯಾಹ್ನಗಳಲ್ಲಿ ಇಪ್ಪತ್ತು ವರ್ಷ ಎಂದರೆ ಜೂಜು. ಇನ್ನು "ಬೆಲೆ ಏರುತ್ತದೆ, ಮಾರಬಹುದು" ಎನ್ನುವವರಿಗೆ: ಇಲ್ಲಿ ಪರವಾನಗಿ ಇಲ್ಲದೆ ಒಂದು ಬಾಟಲಿಯನ್ನೂ ಮಾರುವಂತಿಲ್ಲ, ಮನೆಯಲ್ಲಿ ಇಷ್ಟೇ ಇಡಬಹುದೆಂಬ ಮಿತಿಯೂ ಅಬಕಾರಿ ನಿಯಮದಲ್ಲಿದೆ. ಬಂಗಾರ ಕೊಂಡರೆ ಹೆಂಡತಿಯಾದರೂ ಹಾಕಿಕೊಳ್ಳುತ್ತಾಳೆ.

ಹಾಗಾದರೆ ಶುರು ಮಾಡುವುದು ಹೇಗೆ ಎಂದು ಗೆಳೆಯ ಅಂದು ಮುನಿಸಿನಿಂದಲೇ ಕೇಳಿದ. ಹೇಳಿದೆ: ಮೊದಲು ಲಾಂಗೆ ನೆಬ್ಬಿಯೋಲೋ ಕುಡಿ. ಅದೇ ದ್ರಾಕ್ಷಿ, ಅದೇ ಮನೆಗಳು, ಬರೋಲೋದ ಬೆಲೆಯಲ್ಲಿ ಸಣ್ಣ ಪಾಲು; ಕೆಲವರು ತಮ್ಮ ಬರೋಲೋ ತೋಟದ ಎಳೆ ಬಳ್ಳಿಗಳ ಹಣ್ಣನ್ನೇ ಇದಕ್ಕೆ ಹಾಕುತ್ತಾರೆ. ಒಗರಿನ ಪರಿಚಯ ಅಲ್ಲಿ ಆಗಲಿ. ಅಲ್ಲಿಯವರು ದಿನನಿತ್ಯದ ಊಟಕ್ಕೆ ಕುಡಿಯುವುದು ದೊಲ್ಚೆತ್ತೋ, ಬಾರ್ಬೆರಾ. ಅವನ್ನೂ ಬಿಡಬೇಡ, ಒಂದು ಮನೆಯ ಕೈ ಹೇಗಿದೆ ಎಂದು ಅವರ ಅಗ್ಗದ ಬಾಟಲಿಯಲ್ಲೇ ಮೊದಲು ತಿಳಿಯುವುದು. ಉತ್ತರಕ್ಕೆ ಆಲ್ಪ್ಸ್ ಬುಡದಲ್ಲಿ ಗತ್ತಿನಾರಾ, ಗೆಮ್ಮೆ, ಬೋಕಾ ಎಂಬ ಊರುಗಳಿವೆ. ಅಲ್ಲಿ ನೆಬ್ಬಿಯೋಲೋವನ್ನು ಸ್ಪಾನ್ನಾ ಎಂದು ಕರೆಯುತ್ತಾರೆ, ಬೋಕಾದಲ್ಲಿ ವೆಸ್ಪೊಲೀನಾ ಬೆರೆಸುತ್ತಾರೆ. ಒಂದು ಕಾಲಕ್ಕೆ ಬರೋಲೋಗಿಂತ ದೊಡ್ಡ ಸೀಮೆ, ಈಗ ಕಾಡು ಬೆಳೆದು ಸಣ್ಣ ತುಣುಕು ಉಳಿದಿದೆ. ಗುಡ್ಡದ ಹೆಸರಿನ ಜಾತ್ರೆ ಅಲ್ಲಿಗಿನ್ನೂ ಅಷ್ಟಾಗಿ ಮುಟ್ಟಿಲ್ಲ. ಆಮೇಲೆ ನಾಲಿಗೆಗೆ ಒಪ್ಪಿದ ಒಂದೇ ಮನೆ ಹಿಡಿ. ಅವರ ಸಾದಾ ಬರೋಲೋ, ಗುಡ್ಡದ ಹೆಸರಿಲ್ಲದ್ದು, ಆರು ಬಾಟಲಿ. ಒಂದನ್ನು ಈಗಲೇ ತೆಗೆ, ಎರಡು ವರ್ಷಕ್ಕೊಮ್ಮೆ ಒಂದೊಂದು. ಮುಂದಿನ ವರ್ಷ ಅದೇ ಮನೆಯದನ್ನೇ ಮತ್ತೆ ಕೊಳ್ಳು, ವರ್ಷ ಕೆಟ್ಟದ್ದಾದರೂ.

"ಅಷ್ಟು ವರ್ಷ ಒಂದೇ ಮನೆಯದೇ? ಬೇಜಾರಾಗಲ್ವಾ?" ಎಂದ.

ಬೇಜಾರಾಗುವುದಾದರೆ ಬೇಗ ಗೊತ್ತಾಗಲಿ, ಆರೇ ಬಾಟಲಿಯ ನಷ್ಟ. ಅದಕ್ಕಿಂತ ಮುಂಚೆ ಆ ಹನ್ನೆರಡರಲ್ಲಿ ಒಂದನ್ನು ಇವತ್ತೇ ತೆಗೆಯೋಣ ಎಂದು ನಾನು ಹಟ ಹಿಡಿದೆ. ಬುಸ್ಸಿಯಾ ತೆಗೆದೆವು. ಮೊದಲ ಲೋಟ ಕಡು ಒಗರು. ಅವನ ಮುಖ ಕಿವುಚಿತು. ಎರಡು ಗಂಟೆ ಹೂಜಿಯಲ್ಲಿ ಗಾಳಿಯಾಡಲು ಬಿಟ್ಟು, ಬೆಣ್ಣೆಯಲ್ಲಿ ಹುರಿದ ಅಣಬೆಯ ಜೊತೆ ಕೂತೆವು. ರಾತ್ರಿ ಹತ್ತೂವರೆಗೆ ಹೂಜಿ ಖಾಲಿಯಾಯಿತು. ಅದು ಬುಸ್ಸಿಯಾದ ಯಾವ ಮಗ್ಗುಲಿನದು ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.